ಅಪ್ಪ ಮಲಗಿದ ತೊಟ್ಟಿಲು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಬೆಳಿಗ್ಗೆ, ಮೂಡಬಿದ್ರೆಯ ಆಸ್ಪತ್ರೆಯಲ್ಲಿ. ಮಗಳು ವನಜಳಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು, ನನಗೂ ಮೊದಲ ಮೊಮ್ಮಗು. ಬಾಣಂತಿ ಕ್ಷೇಮ, ಮಗು ಕ್ಷೇಮ, ನಾನೊಬ್ಬಳು ಮಾತ್ರ ಸರಿಯಿಲ್ಲ.

ಸರಿಯಿಲ್ಲ ಅಂದರೆ ಕಾಯಿಲೆ ಅಲ್ಲ, ತಲೆ ನಿಂತಲ್ಲಿ ನಿಲ್ಲುವುದಿಲ್ಲ. ಅಳಿಯ ಫೋನಿನಲ್ಲಿ ಮಗುವಿನ ತೂಕ ಹೇಳಿದ, ಹುಟ್ಟಿದ ಗಂಟೆ ಹೇಳಿದ, ಫೋನು ಇಡುವಷ್ಟರಲ್ಲಿ ಎರಡೂ ಮರೆತಿತ್ತು. ಪಾಣೆಮಂಗಳೂರಿನಲ್ಲಿರುವ ನನ್ನ ತಮ್ಮ ಶೀನನಿಗೆ ಹೇಳುವ ಅಂತ ಫೋನು ಮಾಡಿದೆ. ಹೆಂಗಸಿನ ಸ್ವರ ಕೇಳಿತು. ತಮ್ಮನ ಹೆಂಡತಿ ಅಂತ ನಾನು ಎಲ್ಲ ಹೇಳಿದೆ, ನೋವು ಶುರುವಾದದ್ದು, ರಿಕ್ಷಾ ಸಿಗದೆ ಒದ್ದಾಡಿದ್ದು, ಮಗುವನ್ನು ಕೈಗೆ ಕೊಟ್ಟಾಗ ಅಳಿಯ ಗೋಡೆಗೆ ಮುಖ ಮಾಡಿ ಅತ್ತದ್ದು. ಅವರಿಗೂ ತುಂಬ ಸಂತೋಷವಾಯಿತು. ಮಗು ಯಾರ ಹಾಗೆ ಉಂಟು ಅಂತ ಕೇಳಿದರು. ಕೊನೆಗೆ, ಹೌದು ನೀವು ಯಾರು ಮಾತಾಡುವುದು ಅಂತ ಕೇಳಿದಾಗಲೇ ಗೊತ್ತಾದದ್ದು, ಅವರಿಗೆ ನನ್ನ ಗುರ್ತ ಇಲ್ಲ, ನನಗೆ ಅವರ ಗುರ್ತ ಇಲ್ಲ. ಆದರೂ ಬಾಣಂತಿಗೆ ಮೆಂತೆ ಗಂಜಿ ತಪ್ಪಿಸಬೇಡಿ ಅಂತ ಹೇಳಿಯೇ ಇಟ್ಟರು, ಪುಣ್ಯಾತ್ಗಿತ್ತಿ.

ಆಮೇಲೆ ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಬೆಂಕಿ ಹಾಕಲು ಮರೆತೆ. ಇವರ ಕನ್ನಡಕ ಹಾಕಿಕೊಂಡು ಕಣ್ಣಿಗೆ ಪೊರೆ ಬಂತು ಅಂತ ಹೆದರಿದೆ. ನಾನು ಓದಿದ್ದು ಐದನೇ ಕ್ಲಾಸು. ಬರೆಯುವ ಅಭ್ಯಾಸ ಮಗಳಿಗೆ ಕಾಗದ ಹಾಕುವಷ್ಟು ಮಾತ್ರ. ಇವತ್ತು ಇಷ್ಟು ಬರೆಯಲಿಕ್ಕೆ ಕೂತದ್ದು ಮಗ ಲೋಕೇಶ ಕೇಳಿದ ಒಂದು ಪ್ರಶ್ನೆಯಿಂದ.

ನಮ್ಮಲ್ಲಿ ಮಗು ಹುಟ್ಟುವ ಮೊದಲು ತೊಟ್ಟಿಲು ಇಳಿಸುವುದಿಲ್ಲ. ಹುಟ್ಟಿದ ಸುದ್ದಿ ಬಂದ ಮೇಲೆ ಅವನು ಅಟ್ಟಕ್ಕೆ ಹತ್ತಿ, ಜೇಡರ ಬಲೆ ಸಮೇತ ಅದನ್ನು ಇಳಿಸಿ, ಅಂಗಳದಲ್ಲಿ ಕವುಚಿ ಹಾಕಿ ತೊಳೆಯುತ್ತಿದ್ದ. ಹಲಸಿನ ಮರದ್ದು, ನನ್ನ ಅಜ್ಜಿಯ ಕಾಲದ್ದು. ತೊಳೆಯುತ್ತಾ ತೊಳೆಯುತ್ತಾ, ಅಮ್ಮಾ, ಇದರ ಅಡಿಗೆ ಯಾಕೆ ಕಬ್ಬಿಣದ ಪಟ್ಟಿ, ಎತ್ತಿನ ಗಾಡಿಗೆ ಹೊಡೆದ ಹಾಗೆ ಉಂಟು ಅಂದ.

"ಅದು ನಿನ್ನ ಅಜ್ಜ ಮಲಗಿದಾಗ ಮುರಿದದ್ದು" ಅಂದೆ.

"ಅಜ್ಜ ಮಗು ಆಗಿದ್ದಾಗಲಾ?"

"ಅಲ್ಲ ಮಾರಾಯ, ನನ್ನ ಮದುವೆಗೆ ಒಂದು ವಾರ ಇರುವಾಗ. ಮೀಸೆ ಬೆಳ್ಳಗಾಗಲಿಕ್ಕೆ ಶುರುವಾಗಿತ್ತು ಅವರಿಗೆ."

ಅವನು ಕೈ ಒರೆಸಿಕೊಂಡು ಬಂದು ನನ್ನ ಹಣೆ ಮುಟ್ಟಿ ನೋಡಿದ. ಆಗ ನೆನಪಾಯಿತು, ಇವನಿಗೆ ಇದನ್ನು ಹೇಳಿಯೇ ಇಲ್ಲ. ಗುಟ್ಟು ಅಂತ ಅಲ್ಲ, ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದೆ ಬಿಟ್ಟದ್ದು. ಈಗಲೂ ಗೊತ್ತಿಲ್ಲ. ಬಾಯಲ್ಲಿ ಹೇಳಿದರೆ ಅವನು ಮಧ್ಯೆ ಮಧ್ಯೆ ಕೇಳಿ ನನ್ನನ್ನು ಇನ್ನಷ್ಟು ದಾರಿ ತಪ್ಪಿಸುತ್ತಾನೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಪ್ಪನಿಗೆ ಊರಲ್ಲಿ ಮಿಲಿಟರಿ ದೂಮಣ್ಣ ಅಂತ ಹೆಸರು. ಪಾಣೆಮಂಗಳೂರಿನಲ್ಲಿ ಹೊಳೆಗೆ ಇಳಿಯುವ ದಾರಿಯ ಬದಿಗೆ ನಮ್ಮ ಮನೆ. ಕೆಲಸ ಬಸ್ಸಿನ ಡ್ರೈವರು, ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಮೂಡಬಿದ್ರೆಗೆ. ಆಗಿನ ಮೂತಿ ಉದ್ದದ ಬಸ್ಸು, ಎದುರಿಗೆ ಹ್ಯಾಂಡಲು ತುರುಕಿ ತಿರುಗಿಸಿದರೆ ಮಾತ್ರ ಎಚ್ಚರವಾಗುವಂಥದ್ದು. ದೊಡ್ಡ ಯುದ್ಧದಲ್ಲಿ ಬರ್ಮಾದ ಕಡೆ ಲಾರಿ ಓಡಿಸಿ ಬಂದ ಕೈ ಅದು. ಹೊರಡುವ ಸಮಯ ಅಂದರೆ ಸಮಯ. ಪಂಚೆಯ ಚುಂಗು ಹಿಡಿದುಕೊಂಡು ಓಡಿ ಬರುವ ಗಂಡಸರಿಗೆ ನಿಲ್ಲಿಸಿದವರಲ್ಲ. ಆದರೆ ಯಾರಾದರೂ ಮುದುಕಿ ಬುಟ್ಟಿ ಹೊತ್ತು ಬರುವುದು ಕಂಡರೆ, ಎಂಜಿನಿನಲ್ಲಿ ಏನೋ ಶಬ್ದ ಉಂಟು ಅಂತ ಇಳಿದು ಬಾನೆಟ್ಟು ಎತ್ತಿ ನೋಡುತ್ತಾ ನಿಲ್ಲುತ್ತಿದ್ದರು. ಮುದುಕಿ ಹತ್ತಿ ಕೂತ ಕೂಡಲೇ ಎಂಜಿನು ಸರಿಯಾಗುತ್ತಿತ್ತು.

ಮನೆಯಲ್ಲಿ ಬೆಳಿಗ್ಗೆ ಸೀಟಿ ಊದಿ ಎಬ್ಬಿಸುವುದು. ನಾನು, ಶೀನ ಸಾಲಾಗಿ ನಿಂತು ಮಸಿ ಹಿಡಿದು ಹಲ್ಲುಜ್ಜಬೇಕು. ಭಾನುವಾರ ಚಪಾತಿ ಮಾಡುತ್ತಿದ್ದರು. ಕುಚ್ಚಲಕ್ಕಿ ಗಂಜಿಯ ಮನೆಯಲ್ಲಿ ಚಪಾತಿ ಅಂದರೆ ಅಮ್ಮನಿಗೆ ನಾಚಿಕೆ, ಹೊಗೆ ಹೊರಗೆ ಹೋಗಿ ಆಚೆ ಮನೆಯವರಿಗೆ ಗೊತ್ತಾದೀತು ಅಂತ ಬಾಗಿಲು ಹಾಕುತ್ತಿದ್ದಳು. ನನ್ನ ಜಡೆ ಹೆಣೆಯುತ್ತಿದ್ದದ್ದೂ ಅಪ್ಪನೇ. ಲಾರಿಗೆ ಸಾಮಾನು ಬಿಗಿದು ಕಲಿತ ಕೈ, ಹಗ್ಗದ ಹಾಗೆ ಬಿಗಿಯುತ್ತಿದ್ದರು. ಎರಡು ದಿನ ಬಿಚ್ಚುತ್ತಿರಲಿಲ್ಲ, ಹುಬ್ಬು ಮೇಲಕ್ಕೆ ಎಳೆದು ನಾನು ಇಡೀ ದಿನ ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತಿದ್ದೆ.

ಇಷ್ಟೆಲ್ಲ ಮಾಡಿಕೊಂಡಿದ್ದ ಮನುಷ್ಯ ನಮ್ಮ ಮನೆಯಲ್ಲಿ ಸತ್ತವರ ಪೈಕಿ. ಇದೇ ಈಗ ಹೇಳಬೇಕಾದದ್ದು, ಆಗಲೇ ಮೊದಲು ಹೇಳಬೇಕಿತ್ತು.

ಅಪ್ಪ ಯುದ್ಧಕ್ಕೆ ಹೋಗುವಾಗ ನನಗೆ ಹಲ್ಲು ಬಂದಿರಲಿಲ್ಲವಂತೆ. ಆಮೇಲೆ ಮಿಲಿಟರಿಯಿಂದ ಒಂದು ಕಾಗದ ಬಂತು, ಅವರ ಲಾರಿ ಸುಟ್ಟದ್ದು ಸಿಕ್ಕಿದೆ, ಅವರ ಪತ್ತೆ ಇಲ್ಲ ಅಂತ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಎರಡು ವರ್ಷ ಕಾದಳು. ಕೊನೆಗೆ ಜೋಯಿಸರು ಕವಡೆ ಹಾಕಿ ನೋಡಿ, ಅವನು ನೀರು ಕೇಳುತ್ತಿದ್ದಾನೆ ಅಂದರು. ಸತ್ತವರು ನೀರು ಕೇಳಿದರೆ ಕೊಡದೆ ಇರಲಿಕ್ಕಾಗುತ್ತದಾ? ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿದರು. ಹೆಣ ಇಲ್ಲದ್ದಕ್ಕೆ ಅವರ ಒಂದು ನೀಲಿ ಗೆರೆಯ ಅಂಗಿ ಇಟ್ಟು ಸುಟ್ಟರು. ಅಮ್ಮ ಕರಿಮಣಿ ತೆಗೆದಿಟ್ಟಳು. ಅಪ್ಪನನ್ನು ಹದಿನಾರಕ್ಕೆ ಸೇರಿಸಿದರು. ಹಾಗೆಂದರೆ ಮನೆಯಲ್ಲಿ ಮೊದಲು ಸತ್ತ ಹಿರಿಯರ ಜೊತೆ ಕೂಡಿಸುವುದು. ಅಲ್ಲಿಂದ ಮುಂದೆ ಪ್ರತಿ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಅವರಿಗೂ ಒಂದು ಎಲೆ.

ಅದಾಗಿ ವರ್ಷ ತುಂಬುವ ಮೊದಲು ಒಂದು ಮಧ್ಯಾಹ್ನ ಅಪ್ಪ ಕಬ್ಬಿಣದ ಟ್ರಂಕು ಹೊತ್ತುಕೊಂಡು ಬಂದರು. ಅಜ್ಜಿ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು, ಕೇರುತ್ತಲೇ ಇದ್ದಳು. ಅಮ್ಮ ದನದ ಹಟ್ಟಿಗೆ ಓಡಿದಳು. ನಾನು ಬಾಗಿಲಿನ ಹಿಂದೆ ನಿಂತು ನೋಡಿದೆ. ನೋಡಿದೆನೋ, ಆಮೇಲೆ ಕೇಳಿ ಕೇಳಿ ನೋಡಿದ ಹಾಗಾಯಿತೋ, ನನಗೆ ಗೊತ್ತಿಲ್ಲ. ಅಪ್ಪ ಬೆವರಿನ ಅಂಗಿ ಬಿಚ್ಚಿ, ಸ್ನಾನಕ್ಕೆ ಹೊರಟು, ನನ್ನ ನೀಲಿ ಗೆರೆಯ ಅಂಗಿ ಎಲ್ಲಿ ಅಂತ ಕೇಳಿದರಂತೆ. ಜೋಯಿಸರ ವಿಷಯ ಗೊತ್ತಾದಾಗ, ಅವರದ್ದು ತಪ್ಪಿಲ್ಲ, ಆ ಸಮಯದಲ್ಲಿ ನನಗೆ ನಿಜವಾಗಿ ಬಾಯಾರಿಕೆ ಆಗಿತ್ತು ಅಂದರಂತೆ.

ತಪ್ಪಾದದ್ದು ಆಮೇಲೆ. ಸಂತೋಷದ ಗಡಿಬಿಡಿಯಲ್ಲಿ ಕೋಳಿ ಕೊಯ್ದರು, ಊರಿಗೆ ಊಟ ಹಾಕಿದರು, ಅಮ್ಮ ತನ್ನ ಕರಿಮಣಿ ತಾನೇ ಹಾಕಿಕೊಂಡಳು. ಹದಿನಾರಕ್ಕೆ ಸೇರಿಸಿದವರನ್ನು ಅಲ್ಲಿಂದ ಬಿಡಿಸಿ ತರಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮಾರನೆಯ ಆಟಿ ಬಂತು. ಅಜ್ಜಿ ಹಿಂದಿನ ವರ್ಷದ ಹಾಗೇ ಒಳಗಿನ ಕೋಣೆಯಲ್ಲಿ ಅಪ್ಪನಿಗೂ ಎಲೆ ಹಾಕಿಬಿಟ್ಟಳು, ನೆನಪಾದದ್ದು ಕೋಳಿ ಪದಾರ್ಥ ಬಡಿಸಿದ ಮೇಲೆ. ಹಿರಿಯರಿಗೆ ಹಾಕಿದ ಎಲೆ ತೆಗೆಯುವ ಹಾಗಿಲ್ಲ, ಇನ್ನೊಬ್ಬರು ಅವನ ಎಲೆ ಉಣ್ಣುವ ಹಾಗೂ ಇಲ್ಲ, ಅವನೇ ಇದ್ದಾನಲ್ಲ ಅಂತ ಅವಳ ಲೆಕ್ಕ. ಅಪ್ಪನನ್ನೇ ಕರೆದು ಕೂರಿಸಿದಳು. ಅಪ್ಪ ಒಳಗೆ ಸತ್ತವರ ಸಾಲಿನಲ್ಲಿ ಕೂತು ಒಂದು ಎಲೆ ಉಂಡು, ಕೈ ತೊಳೆದು, ಹೊರಗೆ ಜಗಲಿಯಲ್ಲಿ ನಮ್ಮ ಜೊತೆ ಕೂತು ಇನ್ನೊಂದು ಎಲೆ ಉಂಡರು. ಆಮೇಲೆ ಅದೇ ಪದ್ಧತಿಯಾಯಿತು. ವರ್ಷವೂ ಎರಡು ಎಲೆ. ಶೀನನಿಗೆ ಸಿಟ್ಟು ಕೋಳಿ ತುಂಡಿನ ಬಗ್ಗೆ. ಸತ್ತರೆ ಎರಡು ತೊಡೆ ಸಿಗುತ್ತದಾ ಅಂತ ಕೇಳಿ ಬೈಸಿಕೊಂಡಿದ್ದ. ಅವನು ಹುಟ್ಟಿದ್ದು ಅಪ್ಪ ಬಂದ ಮೇಲೆ. ಊರವರು ಅವನನ್ನು ಬೊಜ್ಜ ಆದ ಮೇಲೆ ಹುಟ್ಟಿದವ ಅಂತ ಕಿಚಾಯಿಸುತ್ತಿದ್ದರು, ಪಾಪ.

ನನಗೆ ಮಾತ್ರ ಇದು ದೊಡ್ಡ ಗೊಂದಲ. ಅಪ್ಪ ಇದ್ದಾರಾ ಇಲ್ಲವಾ? ಶಾಲೆಯಲ್ಲಿ ಒಬ್ಬಳು, ನಿನ್ನ ಅಪ್ಪ ಸತ್ತಿದ್ದಾರೆ, ಬೊಜ್ಜಕ್ಕೆ ನನ್ನ ಅಮ್ಮ ಹೋಗಿ ಉಂಡು ಬಂದಿದ್ದಾರೆ ಅಂದಳು. ನನ್ನ ಜಡೆ ಎಳೆದು ತೋರಿಸಿ, ಇದನ್ನು ಹೆಣೆದದ್ದು ಯಾರು ಹಾಗಾದರೆ ಅಂತ ಕೇಳಿದೆ. ಅವಳು ಯೋಚಿಸಿ, ಅದಕ್ಕೇ ಅಷ್ಟು ಬಿಗಿ ಅಂದಳು. ಅಳುತ್ತಾ ಮನೆಗೆ ಬಂದು ಹೇಳಿದೆ. ಅಪ್ಪ ಎಲ್ಲ ಕೇಳಿ, "ಊಟ ಹೇಗಿತ್ತಂತೆ?" ಅಂದರು.

ಅದು ಅವರ ಖಾಯಂ ಪ್ರಶ್ನೆ. ಬೊಜ್ಜ ಆದದ್ದು ಅಕ್ಕಿಗೆ ರೇಷನ್ ಇದ್ದ ಕಾಲದಲ್ಲಿ. ಸೌತೆಕಾಯಿ ಹುಳಿ, ಒಂದು ಪಲ್ಯ, ಪಾಯಸ ಅಂತ ಬೆಲ್ಲದ ನೀರು. ಬಸ್ಸಿನಲ್ಲಿ ಯಾರಾದರೂ ನಾನು ನಿಮ್ಮ ಬೊಜ್ಜಕ್ಕೆ ಬಂದಿದ್ದೆ ದೂಮಣ್ಣ ಅಂದರೆ ಅಪ್ಪ ಊಟ ವಿಚಾರಿಸುವರು, ಮುಂದಿನ ಸಲ ಒಳ್ಳೆಯದು ಮಾಡಿಸುವ ಅನ್ನುವರು. ಅವರ ಬಸ್ಸಿಗೆ ಜನ ಹೆದರಬೇಕಿತ್ತು, ಆದದ್ದು ಉಲ್ಟಾ. ಸಿದ್ಧಕಟ್ಟೆಯ ಒಬ್ಬಳು ಕೋಳಿ ಮಾರುವ ಮುದುಕಿ ಬೇರೆ ಬಸ್ಸಿಗೆ ಕಾಲಿಡುತ್ತಿರಲಿಲ್ಲ. ಯಮನ ಪುಸ್ತಕದಲ್ಲಿ ಇವನ ಹೆಸರು ಹೊಡೆದು ಆಗಿದೆ, ಇವನ ಬಸ್ಸಿಗೆ ಎಂತದೂ ಆಗುವುದಿಲ್ಲ ಅಂತ ಅವಳ ಧೈರ್ಯ.

ನಾನು ಎಲ್ಲಿದ್ದೆ? ತೊಟ್ಟಿಲು. ಹೌದು.

ಐವತ್ತರ ದಶಕ ಮುಗಿಯುತ್ತಾ ಬಂದಾಗ ನನಗೆ ಬೆಳ್ತಂಗಡಿಯ ಹತ್ತಿರ ಲಾಯಿಲದಿಂದ ಸಂಬಂಧ ಬಂತು. ಅದೇ ಇವರು, ಈಗ ಕನ್ನಡಕ ಹುಡುಕುತ್ತಾ ತಿರುಗುತ್ತಿರುವವರು. ಮಾತುಕತೆಗೆ ಬಂದ ದಿನ ಎಲ್ಲ ಚೆನ್ನಾಗಿ ನಡೆಯಿತು. ವೀಳ್ಯ ಬದಲಾಯಿಸುವ ಮೊದಲು ಇವರ ಅಜ್ಜ, ಧಾರೆ ಎರೆಯುವುದು ಯಾರು ಅಂತ ಕೇಳಿದರು. ನಾನೇ ಅಂದರು ಅಪ್ಪ. ಲಾಯಿಲದ ಅಜ್ಜ ಒಳ್ಳೆಯವರು, ಕೆಟ್ಟ ಮಾತಾಡುವವರಲ್ಲ. ತುಂಬ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತು, ಬೇಸರ ಮಾಡಬಾರದು ದೂಮಣ್ಣ, ಹದಿನಾರರಲ್ಲಿ ಎಲೆ ಇರುವ ಕೈಯಿಂದ ಮದುಮಗಳ ಕೈ ಮೇಲೆ ನೀರು ಬಿದ್ದರೆ ಹೇಗೆ ಅಂದರು. ನನ್ನ ಸೋದರಮಾವ ಥಟ್ಟನೆ, ಅದಕ್ಕೆಂತ, ಧಾರೆ ನಾನು ಎರೆಯುತ್ತೇನೆ ಅಂದರು. ಎಲ್ಲರಿಗೂ ಉಸಿರು ಬಂತು. ಮಾವ ಎರೆಯುವುದು ನಮ್ಮಲ್ಲಿ ಇಲ್ಲದ್ದಲ್ಲ. ಮದುವೆ ನಿಲ್ಲುವುದಿಲ್ಲ, ಯಾರಿಗೂ ನಷ್ಟ ಇಲ್ಲ.

ಅಪ್ಪ ಎದ್ದು ಹೊರಗೆ ಹೋದರು. ನಾನು ಅಡುಗೆ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಬಾವಿಕಟ್ಟೆಯ ಹತ್ತಿರ ನಿಂತು ಎರಡೂ ಕೈ ನೋಡಿಕೊಂಡರು, ಗ್ರೀಸು ಹತ್ತಿದೆಯಾ ಅಂತ ನೋಡುವ ಹಾಗೆ, ಈ ಬದಿ ಆ ಬದಿ. ಒಳಗೆ ಬಂದು ನಿಂತೇ ಹೇಳಿದರು.

"ಬರ್ಮಾದಿಂದ ನಾನು ನಡೆದು ಬಂದದ್ದು. ಕಾಲಲ್ಲಿ ಹುಳ ಆಗಿತ್ತು, ಆದರೂ ನಡೆದೆ. ಮನೆಯಲ್ಲಿ ಒಂದು ಹೆಣ್ಣು ಕೂಸು ಉಂಟು, ಅದಕ್ಕೆ ಧಾರೆ ಎರೆಯಲಿಕ್ಕೆ ಉಂಟು ಅಂತ ನಡೆದೆ. ಅದೂ ಇಲ್ಲ ಅಂದರೆ ನಾನು ಬದುಕಿ ಬಂದದ್ದು ಎಂತಕ್ಕೆ?"

ಅಪ್ಪ ಯುದ್ಧದ ಬಗ್ಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಆಗ ನಮ್ಮ ಕಡೆಯ ಗುರಿಕಾರರು, ಮದುವೆ ಸಾವು ಎಲ್ಲ ಮುಂದೆ ನಿಂತು ನಡೆಸುವವರು, ಕೆಮ್ಮಿ ಕೆಮ್ಮಿ ಹೇಳಿದರು: ಒಂದು ದಾರಿ ಉಂಟು. ನಾನು ನೋಡಿದ್ದಿಲ್ಲ, ನನ್ನ ಅಜ್ಜ ಹೇಳಿದ್ದು ಕೇಳಿದ್ದೇನೆ. ಸತ್ತವನು ತಿರುಗಿ ಬಂದರೆ ತಿರುಗಿ ಹುಟ್ಟಬೇಕು. ತಲೆಗೆ ನೀರು ಹಾಕಿ, ಹೆತ್ತವಳು ತೊಟ್ಟಿಲಲ್ಲಿ ಹಾಕಿ ಮೂರು ಸಲ ತೂಗಿ, ಕಿವಿಯಲ್ಲಿ ಹೆಸರು ಹೇಳಬೇಕು. ಹೊಸ ಹೆಸರು, ಹಳೆಯದು ಸತ್ತವನದ್ದು. ಮತ್ತೆ ಹೆಂಡತಿಗೆ ಕರಿಮಣಿ ಕಟ್ಟಬೇಕು. ಕೊನೆಗೆ ಹದಿನಾರರಲ್ಲಿ ಅವನ ಎಲೆ ಮಡಚಬೇಕು.

ಲಾಯಿಲದ ಅಜ್ಜ, ಹಾಗೆ ಮಾಡಿದರೆ ನಮ್ಮದು ಒಂದು ಮಾತಿಲ್ಲ, ನಾನೇ ಬಂದು ನಿಲ್ಲುತ್ತೇನೆ ಅಂದರು.

ಹಾಗೆ ಮದುವೆಗೆ ಒಂದು ವಾರ ಇರುವಾಗ ಈ ತೊಟ್ಟಿಲು ಇಳಿಯಿತು. ಯಾರಿಗೂ ಕ್ರಮ ಸರಿಯಾಗಿ ಗೊತ್ತಿಲ್ಲ. ಎಣ್ಣೆ ಹಚ್ಚಬೇಕಾ ಬೇಡವಾ, ಅಂಗಿ ಇರಬಹುದಾ, ಮೀಸೆ ತೆಗೆಯಬೇಕಾ ಅಂತ ಚರ್ಚೆ. ಹುಟ್ಟುವಾಗ ಮೀಸೆ ಇರುವುದಿಲ್ಲ ಅಂದರು ಒಬ್ಬರು. ಹಲ್ಲೂ ಇರುವುದಿಲ್ಲ, ಅದನ್ನೂ ಕೀಳುತ್ತೀರಾ ಅಂದರು ಅಪ್ಪ. ಮೀಸೆ ಉಳಿಯಿತು. ನಾನು ಮದುಮಗಳು, ಒಳಗೆ ಕೂತಿರಬೇಕು ಅಂತ ಅಮ್ಮ ಹೇಳಿದರೂ ಬಾಗಿಲ ಸಂದಿನಲ್ಲಿದ್ದೆ. ಆರಡಿ ಮನುಷ್ಯ ಒದ್ದೆ ಪಂಚೆಯಲ್ಲಿ ಬಂದು ತೊಟ್ಟಿಲನ್ನು ಒಂದು ಸುತ್ತು ನೋಡಿದರು. ಹೊಸ ಲಾರಿ ಕೊಟ್ಟರೆ ಡ್ರೈವರು ನೋಡುವ ಹಾಗೆ, ಸರಪಳಿ ಎಳೆದು ನೋಡಿದರು. ಆಮೇಲೆ ಹತ್ತಿ ಮುದುರಿ ಮಲಗಿದರು. ಮಂಡಿ ಗಲ್ಲಕ್ಕೆ ಬಂತು. ಪಾದ ಎರಡೂ ಹೊರಗೆ.

ಅಜ್ಜಿಗೆ ಆಗ ಬೆನ್ನು ಬಾಗಿತ್ತು. ಸರಪಳಿ ಹಿಡಿದು ತೂಗಿದಳು, ಒಂದು. ಯಾರೂ ನಗಲಿಲ್ಲ, ನಗು ಗಂಟಲಿನವರೆಗೆ ಬಂದು ನಿಂತಿತ್ತು. ಎರಡು. ಅಜ್ಜಿ ಬಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಅಪ್ಪ ತಲೆ ಆಡಿಸಿದರು. ಮೂರನೆಯದಕ್ಕೆ ತೊಟ್ಟಿಲು ಹೋಯಿತು, ಬರುವಾಗ ಪಟ್ ಅಂತ ಅಡಿಯ ಹಲಗೆ ಸೀಳಿ ಅಪ್ಪ ನೆಲದ ಮೇಲೆ ಕೂತಿದ್ದರು.

ಅಪಶಕುನ ಅಂತ ಎಲ್ಲರೂ ಬೆಪ್ಪಾದರು. ಮೂರು ಆಯಿತಾ, ಎರಡೂವರೆಯಾ ಅಂತ ಗುರಿಕಾರರಿಗೇ ಅನುಮಾನ. ಅಜ್ಜಿ ಮಾತ್ರ ಸರಪಳಿ ಬಿಡದೆ, "ಮೊದಲ ಸಲ ಹುಟ್ಟುವಾಗಲೂ ಇವ ಹೀಗೇ, ಸೂಲಗಿತ್ತಿಯ ಕೈಯಿಂದ ಜಾರಿದ್ದ" ಅಂದಳು. ತಡೆದಿಟ್ಟ ನಗು ಎಲ್ಲ ಒಟ್ಟಿಗೆ ಬಂತು. ಲಾಯಿಲದ ಅಜ್ಜ ನಗುತ್ತಾ ಕಣ್ಣು ಒರೆಸುತ್ತಾ ಮುಂದೆ ಬಂದು ಕೈ ಕೊಟ್ಟರು. "ಏಳು ಮಗಾ" ಅಂದರು. ದೂಮಣ್ಣ ಅನ್ನಲಿಲ್ಲ, ಮಗಾ ಅಂದರು. ಅಪ್ಪ ಆ ಕೈ ಹಿಡಿದು ಎದ್ದರು. ಆಯಿತು, ಹುಟ್ಟಿದ ಅಂದರು ಗುರಿಕಾರರು.

ಅದರ ಹಿಂದೆಯೇ ಅಮ್ಮನಿಗೆ ಕರಿಮಣಿ ಕಟ್ಟಿದ್ದಾಯಿತು. ಅಮ್ಮ ನಾಚಿಕೆಯಿಂದ ತಲೆ ಎತ್ತಲೇ ಇಲ್ಲ. ಅಪ್ಪ ಅಮ್ಮನ ಮದುವೆಯ ಊಟ ಉಂಡ ಮಗಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಉಳಿದದ್ದು ಎಲೆ. ಒಳಗಿನ ಕೋಣೆಯಲ್ಲಿ ಹಿರಿಯರಿಗೆ ಬಡಿಸಿ ಆಗಿತ್ತು. ಅಪ್ಪನ ಎಲೆ ಕೊನೆಯಲ್ಲಿ. ಅಜ್ಜಿಯೇ ಮಡಚಬೇಕು ಅಂದರು ಗುರಿಕಾರರು. ಅಜ್ಜಿ ಎಲೆಯ ಮುಂದೆ ಕೂತವಳು ಕೈ ಮುಂದೆ ಮಾಡಲಿಲ್ಲ. ಆಗುವುದಿಲ್ಲ ಅಂದಳು. ಈ ಎಲೆ ಹಾಕಿದ ವರ್ಷವೇ ಅವನು ಬಂದದ್ದು, ಇದನ್ನು ತೆಗೆದ ಮೇಲೆ ಹಿರಿಯರು ಅವನನ್ನು ತಿರುಗಿ ಕೊಂಡುಹೋದರೆ ಯಾರನ್ನು ಕೇಳಲಿ ಅಂದಳು. ಗುರಿಕಾರರು ಹೇಳಿದರು, ಮಾವ ಹೇಳಿದರು, ಅಮ್ಮ ಕಾಲು ಹಿಡಿದಳು. ಅಜ್ಜಿ ಕೇಳಲಿಲ್ಲ. ಎಲೆ ಮಡಚದಿದ್ದರೆ ತೊಟ್ಟಿಲು ಮುರಿದದ್ದೂ ದಂಡ, ಅಪ್ಪ ಧಾರೆ ಎರೆಯುವುದೂ ಇಲ್ಲ.

ಅಪ್ಪ ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತರು.

"ಅಮ್ಮಾ, ಎಲೆ ಮಡಚುವುದು ಬೇಡ. ಅದು ನನ್ನದಲ್ಲ. ಇಷ್ಟು ವರ್ಷ ನಾನು ಅದನ್ನು ಉಂಡದ್ದು ಚಾತುವಿನ ಹೆಸರು ಹೇಳಿ."

ಚಾತು ಅಂದರೆ ಯಾರು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹೇಳಿದರು. 'ಸ್ವಲ್ಪ ಹೇಳಿದರು' ಅಂತ ಬರೆಯಬೇಕು, ಅವರು ಹೇಳಿದ್ದೇ ಸ್ವಲ್ಪ. ಮಲಬಾರಿನವ, ಲಾರಿ ಡ್ರೈವರು, ಅಪ್ಪನ ಜೊತೆಗಾರ. ಅವನ ಲಾರಿಯ ಬ್ರೇಕು ಸರಿ ಇರಲಿಲ್ಲ. ಒಂದು ಬೆಳಿಗ್ಗೆ ಅಪ್ಪ, ಇಳಿಜಾರಿಗೆ ನಿನ್ನ ಲಾರಿ ನಾನು ತರುತ್ತೇನೆ, ನೀನು ನನ್ನದು ತೆಗೆದುಕೊಂಡು ಹೋಗು ಅಂದರು. ಅಪ್ಪನ ಚೀಲ, ಕಾಗದ ಎಲ್ಲ ಅವರ ಲಾರಿಯಲ್ಲೇ ಇತ್ತು. ಮುಂದೆ ಹೋದ ಆ ಲಾರಿಗೆ ಬಾಂಬು ಬಿತ್ತು. ಹಿಂದಿನವರು ಚೆಲ್ಲಾಪಿಲ್ಲಿಯಾಗಿ ಕಾಡಿಗೆ ಓಡಿದರು. ಅಲ್ಲಿಂದ ಊರು ಮುಟ್ಟುವವರೆಗಿನ ವರ್ಷಗಳ ಲೆಕ್ಕ ಅಪ್ಪ ಕೊಡಲಿಲ್ಲ. ಸುಟ್ಟ ಲಾರಿಯಲ್ಲಿ ಅಪ್ಪನ ಗುರುತು ಸಿಕ್ಕಿತು, ನಮ್ಮ ಮನೆಗೆ ಕಾಗದ ಬಂತು. ಚಾತುವಿನ ಮನೆಗೆ ಎಂತ ಕಾಗದ ಹೋಯಿತೋ ದೇವರಿಗೆ ಗೊತ್ತು. ಅಪ್ಪ ಊರಿಗೆ ಬಂದ ಮೇಲೆ ಗೊತ್ತಿದ್ದ ವಿಳಾಸಕ್ಕೆ ಎರಡು ಸಲ ಬರೆಸಿ ಹಾಕಿದ್ದರಂತೆ, ಉತ್ತರ ಇಲ್ಲ.

"ಅವನಿಗೂ ಒಬ್ಬಳು ಅಮ್ಮ ಇದ್ದಳು" ಅಂದರು ಅಪ್ಪ. "ಅವಳು ಇನ್ನೂ ಕಾಯುತ್ತಿದ್ದರೆ ಎಲೆ ಹಾಕಿರಲಿಕ್ಕಿಲ್ಲ."

ಅಜ್ಜಿ ಎಲೆಯನ್ನೇ ನೋಡುತ್ತಿದ್ದಳು.

"ಹೆಸರು ಎಂತ ಅಂದೆ?"

"ಚಾತು."

"ಕೋಳಿ ತಿಂತಾನಾ?"

"ತಿಂತಾನೆ ಅಮ್ಮ."

"ಹಾಗಾದರೆ ಎಲೆ ಇರಲಿ" ಅಂದಳು ಅಜ್ಜಿ. ಸೌಟು ತೆಗೆದುಕೊಂಡು ಆ ಎಲೆಗೆ ಇನ್ನೊಂದು ತುಂಡು ಬಡಿಸಿದಳು. ಮೊದಲು ಬಡಿಸಿದ್ದು ಮಗನಿಗೆ, ಇದು ಅವನಿಗೆ ಅಂತ. ಬೇರೆ ಊರಿನವನನ್ನು ನಮ್ಮ ಹದಿನಾರಕ್ಕೆ ಸೇರಿಸಬಹುದಾ ಅಂತ ಮಾವ ಕೇಳಿದರು. ಗುರಿಕಾರರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಮ್ಮೆ ಬದುಕಿದ್ದವನನ್ನೇ ಸೇರಿಸಿದ್ದೇವೆ, ಇವನಾದರೂ ನಿಜವಾಗಿ ಸತ್ತವ ಅಂದರು. ಶೀನನ ಮನೆಯಲ್ಲಿ ಈಗಲೂ ಆಟಿಯಲ್ಲಿ ಚಾತುವಿಗೆ ಎಲೆ ಹಾಕುತ್ತಾರೆ. ಲೋಕೇಶ ನೋಡಿದ್ದಾನೆ, ಯಾರೋ ಹಿರಿಯರು ಅಂದುಕೊಂಡಿರಬೇಕು. ಹಿರಿಯರೇ.

ಧಾರೆಯ ದಿನ ಅಪ್ಪ ಗಿಂಡಿ ಹಿಡಿದು ನಿಂತರು. ಸಿದ್ಧಕಟ್ಟೆಯ ತಿರುವುಗಳಲ್ಲಿ ಮಳೆಗಾಲದಲ್ಲೂ ಗುರಿ ತಪ್ಪದ ಕೈ ಅವತ್ತು ತಪ್ಪಿತು. ನೀರು ನಮ್ಮ ಕೈ ಮೇಲೆ ಬಿದ್ದದ್ದು ಅರ್ಧ, ಇವರ ಅಂಗಿಯ ತೋಳಿಗೆ ಹೋದದ್ದು ಅರ್ಧ. ಒದ್ದೆ ತೋಳಿನಲ್ಲೇ ಇವರು ಊಟಕ್ಕೆ ಕೂತರು. ಈಗಲೂ ಜಗಳವಾದರೆ, ನನಗೆ ನಿನ್ನನ್ನು ಅರ್ಧ ಮಾತ್ರ ಧಾರೆ ಎರೆದದ್ದು ಅಂತಾರೆ.

ಅಜ್ಜಿ ಕಿವಿಯಲ್ಲಿ ಇಟ್ಟ ಹೆಸರು ಯಾವುದು ಅಂತ ಅಪ್ಪ ಯಾರಿಗೂ ಹೇಳಲಿಲ್ಲ. ನಾನು ಗಂಡನ ಮನೆಗೆ ಹೊರಡುವಾಗ ಕೇಳಿದೆ, ಲೋಕೇಶನ ಹೆರಿಗೆಗೆ ಹೋದಾಗ ಕೇಳಿದೆ. ಅದು ನನ್ನದು ನನ್ನ ಅಮ್ಮನದು ಅಂದರು. ಅದೇ ಹೆರಿಗೆಯಲ್ಲಿ ತೊಟ್ಟಿಲಿಗೆ ಈ ಕಬ್ಬಿಣದ ಪಟ್ಟಿ ಹೊಡೆಸಿ, ತಾವೇ ಬಸ್ಸಿನ ಮೇಲೆ ಹಾಕಿ ಲಾಯಿಲಕ್ಕೆ ತಂದುಕೊಟ್ಟರು. ಅವರ ಬಸ್ಸು ಹೋಗುವ ದಾರಿ ಅಲ್ಲ ಇದು, ಅವತ್ತು ಹೇಗೆ ತಂದರೋ. ಆಮೇಲೆ ಅರವತ್ತರ ದಶಕ ಮುಗಿಯುವ ಮೊದಲು ಅವರು ನಿಜವಾಗಿ ತೀರಿಕೊಂಡರು, ಮಲಗಿದಲ್ಲೇ. ಬೊಜ್ಜದ ದಿನ ಹೆಸರು ಹಿಡಿದು ಕರೆಯಬೇಕು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ, ಹೆಸರು ಗೊತ್ತಿದ್ದವರು ಇಬ್ಬರೂ ಹೋಗಿದ್ದರು. ಗುರಿಕಾರರು ಪಾಪ, ನಾವು ದೂಮ ಅಂತ ಕರೆಯುತ್ತಿದ್ದವನೇ ಬಾ ಅಂದರು. ಬಂದಿರಬೇಕು. ಅಮ್ಮ ಹಟ ಹಿಡಿದು ಎರಡು ಪಾಯಸ ಮಾಡಿಸಿದ್ದಳು, ಕಡ್ಲೆಬೇಳೆಯದ್ದು ಒಂದು, ಹೆಸರುಬೇಳೆಯದ್ದು ಒಂದು. ಸಿದ್ಧಕಟ್ಟೆಯ ಕೋಳಿ ಮಾರುವ ಮುದುಕಿಯೂ ಬಂದಿದ್ದಳು. ಉಂಡು ಕೈ ತೊಳೆದು, ಅಳುತ್ತಲೇ, ಹಿಂದಿನ ಸಲಕ್ಕಿಂತ ಲಾಯ್ಕ ಆಯಿತು ಅಂತ ಹೇಳಿ ಹೋದಳು.

ಇಷ್ಟು ಬರೆಯುವಾಗ ಸಂಜೆಯಾಯಿತು. ಶೀನ, ಅವನ ಹೆಂಡತಿ ಬಸ್ಸಿನಲ್ಲಿ ಬಂದರು. ಸುದ್ದಿ ಅವರಿಗೆ ಕಡೆಗೂ ಹೇಳಿದ್ದು ಲೋಕೇಶನಂತೆ. ಅಳಿಯ ತನ್ನ ಅಮ್ಮನನ್ನು ಬಾಣಂತಿಯ ಹತ್ತಿರ ಬಿಟ್ಟು ಊಟಕ್ಕೆ ಬಂದ, ಫೋನಿನಲ್ಲಿ ಮಗುವಿನ ಪಟ ತೋರಿಸಿದ. ಇವರು ಕನ್ನಡಕ ಇಲ್ಲದೆ ಪಟವನ್ನು ತಲೆಕೆಳಗೆ ಹಿಡಿದು, ಶುದ್ಧ ನಮ್ಮ ಮನೆಯ ಮೂಗು ಅಂದರು. ತೊಟ್ಟಿಲು ಒಣಗಿ ನಡುಮನೆಯ ಜಂತಿಯಲ್ಲಿ ತೂಗುತ್ತಿದೆ. ಸೊಸೆ ಸುಮತಿ ರೊಟ್ಟಿ, ಕೋಳಿ ಸಾರು ಮಾಡಿದ್ದಳು. ಪಾಯಸ ನಾನು ಮಾಡಿದ್ದು, ಎರಡು ಬಗೆ. ಎಲೆ ಹಾಕಿದ್ದೂ ನಾನೇ.

ಎಲ್ಲರೂ ಕೂತ ಮೇಲೆ ಸುಮತಿ, ಅತ್ತೇ, ನಾವು ಏಳು ಜನ, ಎಂಟು ಎಲೆ ಉಂಟು ಅಂದಳು. ಎಣಿಸಿದೆ. ನಿಜ, ನನ್ನ ಪಕ್ಕದಲ್ಲಿ ಒಂದು ಸಣ್ಣ ಕುಡಿ ಎಲೆ, ಅದಕ್ಕೆ ಬಡಿಸಿಯೂ ಆಗಿತ್ತು. ಮಗುವಿಗೆ ಅಂದೆ. ಅಮ್ಮಾ, ಅದು ಹುಟ್ಟಿ ಒಂದು ದಿನ ಆಗಿಲ್ಲ, ಇರುವುದು ಮೂಡಬಿದ್ರೆಯಲ್ಲಿ ಅಂದ ಲೋಕೇಶ. ತೆಗೆಯಲಿಕ್ಕೆ ಕೈ ಚಾಚಿದ. ಶೀನ ಆ ಕೈ ಹಿಡಿದ.

"ಬಡಿಸಿದ ಎಲೆ ತೆಗೆಯುವುದಿಲ್ಲ ಮಾರಾಯ. ಅಕ್ಕ ಉಣ್ಣಲಿ."

ನನಗೆ ಸಕ್ಕರೆ ಕಾಯಿಲೆ ಉಂಟು, ಆದರೂ ಪಾಯಸ ಬೇಡ ಅಂತ ಒಬ್ಬರೂ ಹೇಳಲಿಲ್ಲ. ನನ್ನ ಎಲೆ ಮುಗಿಸಿ, ಕೈ ತೊಳೆದು ಬಂದು, ಕುಡಿ ಎಲೆಯ ಮುಂದೆ ಕೂತು ಅದನ್ನೂ ಉಂಡೆ. ಎಲ್ಲರೂ ಕೈ ಒಣಗಿಸಿಕೊಂಡು ಕಾದರು. ಎದುರಿನಿಂದ ಇವರು, "ಊಟ ಹೇಗುಂಟು?" ಅಂತ ಕೇಳಿದರು. ಲಾಯ್ಕ ಉಂಟು ಅನ್ನಬೇಕಿತ್ತು, ಬಾಯಿ ತುಂಬ ಇತ್ತು, ತಲೆ ಆಡಿಸಿದೆ.